ಮೆಟ್ರೊ ಇಲ್ಲಿ, ರೈಲು ಅಲ್ಲೇ: ನಡುವಿನ ಇನ್ನೂರು ಮೀಟರ್ ಯಾರದು?

ಬೆಂಗಳೂರಿನ ನಕ್ಷೆ ನೋಡಿದರೆ ನಮ್ಮ ಮೆಟ್ರೊ ಮತ್ತು ರೈಲ್ವೆ ಚೆನ್ನಾಗಿಯೇ ಹೊಂದಿಕೊಂಡಿವೆ ಅನ್ನಿಸುತ್ತದೆ. ವೈಟ್‌ಫೀಲ್ಡ್, ಕೆ.ಆರ್.ಪುರ, ಬೈಯಪ್ಪನಹಳ್ಳಿ, ಮೆಜೆಸ್ಟಿಕ್, ಯಶವಂತಪುರ, ಜ್ಞಾನಭಾರತಿ. ಇಷ್ಟೂ ಕಡೆ ಮೆಟ್ರೊ ನಿಲ್ದಾಣದ ಹತ್ತಿರದಲ್ಲೇ ರೈಲು ನಿಲ್ದಾಣ ಇದೆ. ಫೋನಿನಲ್ಲಿ ಎರಡು ಚುಕ್ಕೆಗಳೂ ಒಂದರ ಮೇಲೊಂದು ಕೂತಿರುತ್ತವೆ. ಆದರೆ ನಕ್ಷೆಯಲ್ಲಿ ಮೆಟ್ಟಿಲು ಕಾಣುವುದಿಲ್ಲ. ಬೇಲಿ ಕಾಣುವುದಿಲ್ಲ. ಟ್ರಾಲಿ ಬ್ಯಾಗ್ ಎಳೆದುಕೊಂಡು ರಸ್ತೆ ದಾಟುವ ಪರದಾಟವಂತೂ ಕಾಣುವುದೇ ಇಲ್ಲ.

ಈ ನಡುವಿನ ದಾರಿಯನ್ನು ಸರಿಮಾಡುವುದು ಊರಿನ ಸಾರಿಗೆಯಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಲಾಭ ಕೊಡುವ ಕೆಲಸ ಅಂತ ನನ್ನ ಲೆಕ್ಕ. ಮೆಟ್ರೊ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಹೇಳಿದ ವೆಚ್ಚ 15,611 ಕೋಟಿ ರೂಪಾಯಿ, ಉದ್ದ 44.65 ಕಿ.ಮೀ. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 350 ಕೋಟಿ. ಇನ್ನೂರು ಮೀಟರ್ ಮೆಟ್ರೊ ದಾರಿಗೇ 70 ಕೋಟಿ ಆಯಿತು. ಅಷ್ಟೇ ಉದ್ದದ ಒಳ್ಳೆಯ ಸ್ಕೈವಾಕ್, ಜೊತೆಗೆ ಲಿಫ್ಟು, ಎಸ್ಕಲೇಟರ್ ಎಲ್ಲ ಸೇರಿದರೂ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತದೆ. ಆದರೂ ಈ ಕೆಲಸ ಯಾವಾಗಲೂ ಪಟ್ಟಿಯ ಕೊನೆಯಲ್ಲೇ ಇರುತ್ತದೆ.

ಯಾರಿಗೆ ಬೇಕು ಈ ದಾರಿ? ಬೆಂಗಳೂರಿನ ಕೆಲಸಗಾರರೆಲ್ಲ ಬೆಂಗಳೂರಿನಲ್ಲೇ ಇರುವುದಿಲ್ಲ. ಕೆ.ಜಿ.ಎಫ್., ಬಂಗಾರಪೇಟೆ, ಮಾಲೂರು ಕಡೆಯಿಂದ ಬೆಳಗಿನ ರೈಲು ತುಂಬಿಕೊಂಡು ಬರುತ್ತದೆ. ಮಂಡ್ಯ, ರಾಮನಗರದಿಂದ ಬರುತ್ತದೆ, ತುಮಕೂರಿನಿಂದ ಬರುತ್ತದೆ. ಸೀಸನ್ ಪಾಸ್ ಇಟ್ಟುಕೊಂಡು ವರ್ಷಗಟ್ಟಲೆ ಹೀಗೆ ಓಡಾಡುವವರಿದ್ದಾರೆ. ಅವರಿಗೆ ರೈಲು ಅಗ್ಗ. ಊರೊಳಗೆ ಬಂದ ಮೇಲಿನ ಐದಾರು ಕಿಲೋಮೀಟರೇ ತಲೆನೋವು. ಮಾಲೂರಿನಿಂದ ಬಂದು ಕುಂದಲಹಳ್ಳಿ ಅಥವಾ ಪಟ್ಟಂದೂರು ಅಗ್ರಹಾರದ ಕಡೆ ಕೆಲಸಕ್ಕೆ ಹೋಗುವವರನ್ನೇ ನೋಡಿ. ವೈಟ್‌ಫೀಲ್ಡ್‌ನಲ್ಲಿ ಇಳಿದು ಮೆಟ್ರೊದ ನೇರಳೆ ಮಾರ್ಗ ಹಿಡಿದರೆ ನಾಲ್ಕಾರು ನಿಲ್ದಾಣ, ಅಷ್ಟೇ. ಆ ಬದಲಾವಣೆ ಸಲೀಸಾಗಿದ್ದರೆ ಅವರಿಗೆ ಆಟೊ ಬೇಡ, ಬೈಕೂ ಬೇಡ.

ಸಾರಿಗೆ ಯೋಜನೆ ಮಾಡುವವರು ಬಳಸುವ ಒಂದು ಹಳೆಯ ಲೆಕ್ಕ ಇದೆ. ಗಾಡಿಯೊಳಗೆ ಕೂತು ಕಳೆಯುವ ಒಂದು ನಿಮಿಷಕ್ಕಿಂತ ನಡೆಯುವ, ಕಾಯುವ ಒಂದು ನಿಮಿಷ ಜನರಿಗೆ ಸುಮಾರು ಎರಡರಷ್ಟು ಉದ್ದ ಅನ್ನಿಸುತ್ತದೆ. ಇದರ ಜೊತೆಗೆ ಗಾಡಿ ಬದಲಿಸುವುದಕ್ಕೇ ಒಂದು ದಂಡ ಇರುತ್ತದೆ. ನಡಿಗೆ ಎಷ್ಟೇ ಚಿಕ್ಕದಾದರೂ, ಇಳಿದು ಹತ್ತಬೇಕು ಅನ್ನುವ ಕಾರಣಕ್ಕೇ ಎಷ್ಟೋ ಜನ ಆ ದಾರಿ ಬಿಟ್ಟುಬಿಡುತ್ತಾರೆ. ಹಾಗಾಗಿ ರೈಲಿನ ವೇಗ ಹೆಚ್ಚಿಸಿ ಐದು ನಿಮಿಷ ಉಳಿಸುವುದಕ್ಕಿಂತ ಬದಲಾವಣೆಯಲ್ಲಿ ಐದು ನಿಮಿಷ ಉಳಿಸುವುದು ಹೆಚ್ಚು ಬೆಲೆ ಬಾಳುತ್ತದೆ.

ಮೆಟ್ಟಿಲು ಎಣಿಸಿ ನೋಡಿ

ನೆಲದಿಂದ ಮೇಲೆ ಕಟ್ಟಿದ ಮೆಟ್ರೊ ನಿಲ್ದಾಣಕ್ಕೆ ಸಾಮಾನ್ಯವಾಗಿ ಎರಡು ಮಹಡಿ. ಕೆಳಗಿನದರಲ್ಲಿ ಟಿಕೆಟ್ ಕೌಂಟರು, ಗೇಟು. ಅದರ ಮೇಲೆ ಪ್ಲಾಟ್‌ಫಾರ್ಮ್. ರೈಲು ನಿಲ್ದಾಣದಲ್ಲಿ ಹಳಿ ನೆಲದ ಮೇಲಿರುತ್ತದೆ, ಜನ ದಾಟುವ ಸೇತುವೆ ಮೇಲಿರುತ್ತದೆ. ಹಳಿಯ ಮೇಲೆ 25,000 ವೋಲ್ಟ್‌ನ ತಂತಿ ಹಾದು ಹೋಗುವುದರಿಂದ ಆ ಸೇತುವೆಯನ್ನು ಸಾಕಷ್ಟು ಎತ್ತರದಲ್ಲೇ ಕಟ್ಟಬೇಕು. ಗಮನಿಸಿದಿರಾ? ಮೆಟ್ರೊದ ಗೇಟಿನ ಮಹಡಿ ಮತ್ತು ರೈಲ್ವೆ ಸೇತುವೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಅವೆರಡನ್ನೂ ನೇರವಾಗಿ ಜೋಡಿಸಿದರೆ ಪ್ರಯಾಣಿಕರು ಮೆಟ್ರೊ ಪ್ಲಾಟ್‌ಫಾರ್ಮ್‌ನಿಂದ ಒಂದು ಮಹಡಿ ಇಳಿದು, ಸಮತಟ್ಟಾಗಿ ನಡೆದು, ಇನ್ನೊಮ್ಮೆ ಇಳಿದರೆ ರೈಲಿನ ಪಕ್ಕ ನಿಂತಿರುತ್ತಾರೆ. ಒಂದೂ ಹತ್ತಬೇಕಿಲ್ಲ.

ಜೋಡಿಸದೇ ಇದ್ದರೆ ಪ್ಲಾಟ್‌ಫಾರ್ಮ್‌ನಿಂದ ಗೇಟಿಗೆ ಇಳಿ, ಗೇಟಿನಿಂದ ರಸ್ತೆಗೆ ಇಳಿ, ರಸ್ತೆ ದಾಟು, ಆಟೊಗಳ ಸಂದಿಯಲ್ಲಿ ನುಸುಳು, ರೈಲ್ವೆ ಸೇತುವೆ ಹತ್ತು, ಮತ್ತೆ ಇಳಿ. ಎರಡು ನಿಲ್ದಾಣಗಳ ದೂರ ಕಾಗದದಲ್ಲಿ ಅಷ್ಟೇ ಇರುತ್ತದೆ. ಮಂಡಿ ನೋವಿನವರಿಗೆ, ಮಗು ಎತ್ತಿಕೊಂಡವರಿಗೆ, ಊರಿನಿಂದ ಅಕ್ಕಿ ಚೀಲ ತಂದವರಿಗೆ ಮಾತ್ರ ಅದು ಬೇರೆಯದೇ ದೂರ.

ಇಂಥ ಒಂದು ಸೇತುವೆಯ ಮೇಲೆ ನಾನು ಆಗಾಗ ಓಡಾಡುತ್ತೇನೆ. ಎರಡೂ ಕಟ್ಟಡ ಸೇರುವ ಜಾಗದಲ್ಲಿ ನೆಲದ ಟೈಲ್ಸ್ ಬಣ್ಣ ಬದಲಾಗುತ್ತದೆ, ಒಂದು ಅಂಗೈ ಎತ್ತರದ ಏರುಪೇರು ಇದೆ, ಮಳೆ ಬಂದರೆ ಸರಿಯಾಗಿ ಅಲ್ಲೇ ಸೋರುತ್ತದೆ. ಆಚೆ ಬದಿಯಲ್ಲಿ ದೀಪ ಉರಿಯುತ್ತಿದ್ದರೆ ಈಚೆ ಬದಿಯಲ್ಲಿ ಇರುವುದಿಲ್ಲ. ಎರಡು ಮನೆಗಳ ನಡುವಿನ ಕಾಂಪೌಂಡ್ ಗೋಡೆಗೆ ಸುಣ್ಣ ಹೊಡೆಯುವವರು ಯಾರು ಅನ್ನುವ ಕಥೆಯೇ ಇದು.

ಕಂಟೋನ್ಮೆಂಟ್ ಕಲಿಸಿದ್ದು

ಬೆಂಗಳೂರಿಗೆ ರೈಲು ಬಂದಿದ್ದೇ ಕಂಟೋನ್ಮೆಂಟ್‌ಗೆ. 1864ರಲ್ಲಿ ಜೋಲಾರಪೇಟೆಯಿಂದ ಬಂದ ಹಳಿ ಅಲ್ಲಿ ಕೊನೆಯಾಗುತ್ತಿತ್ತು. ಇವತ್ತಿಗೂ ಪೂರ್ವದ ಕಡೆಯಿಂದ ಬರುವ ರೈಲುಗಳಲ್ಲಿ ತುಂಬ ಜನ ಇಳಿಯುವುದು ಅಲ್ಲೇ. ಹಾಗಾಗಿ ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ 21 ಕಿ.ಮೀ. ಗುಲಾಬಿ ಮಾರ್ಗದ ನಕ್ಷೆ ಬಂದಾಗ ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಅಂಟಿಕೊಂಡಂತೆಯೇ ನೆಲದಡಿಯ ಮೆಟ್ರೊ ನಿಲ್ದಾಣ ಬರಬೇಕಿತ್ತು. ಆಮೇಲೆ ಅದು ಬಂಬೂ ಬಜಾರ್ ಮೈದಾನದ ಕಡೆಗೆ ಸರಿಯಿತು. ಖರ್ಚು ಉಳಿಯುತ್ತದೆ, ರೈಲ್ವೆ ಜಾಗದ ತಕರಾರು ಇರುವುದಿಲ್ಲ, ಕೆಲಸ ಬೇಗ ಆಗುತ್ತದೆ ಅನ್ನುವುದು ಮೆಟ್ರೊ ನಿಗಮದ ವಾದ. ರೈಲು ಪ್ರಯಾಣಿಕರ ಪರ ಇರುವವರು ಸುಮ್ನೆ ಕೂರಲಿಲ್ಲ, ಪ್ರತಿಭಟನೆ ಮಾಡಿದರು. ಮೈದಾನ ಕಳೆದುಕೊಳ್ಳುವ ಸುತ್ತಲಿನವರೂ ದನಿಗೂಡಿಸಿದರು. ಜಾಗ ಮಾತ್ರ ಮತ್ತೆ ಬದಲಾಗಲಿಲ್ಲ.

ನಿಗಮದ ವಾದ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಓಡುವ ರೈಲುಗಳ ಕೆಳಗೆ ನಿಲ್ದಾಣ ಅಗೆಯುವುದು ಹುಡುಗಾಟ ಅಲ್ಲ. ನನ್ನ ತಕರಾರು ಲೆಕ್ಕ ಹಾಕಿದ ರೀತಿಯ ಮೇಲೆ. ಉಳಿದ ಕೋಟಿಗಳು ಒಂದು ಸಂಸ್ಥೆಯ ಪುಸ್ತಕದಲ್ಲಿ ಕಾಣುತ್ತವೆ. ದಿನಾ ಹೆಚ್ಚಾಗುವ ನಡಿಗೆ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಒಂದು ನಿಲ್ದಾಣ ಕನಿಷ್ಠ ನೂರು ವರ್ಷ ಇರುತ್ತದೆ ಅಂದುಕೊಂಡರೆ, ದಿನಕ್ಕೆ ಸಾವಿರಾರು ಜನ ತಲಾ ಕೆಲವು ನಿಮಿಷ ಹೆಚ್ಚಿಗೆ ನಡೆಯುವುದರ ಬೆಲೆ ಎಷ್ಟು? ಯೋಜನಾ ವರದಿಯಲ್ಲಿ ಈ ಒಂದು ಸಾಲು ಇದ್ದಿದ್ದರೆ ತೀರ್ಮಾನ ಬೇರೆ ಆಗುತ್ತಿತ್ತೋ ಏನೋ. ನಿಲ್ದಾಣವನ್ನು ಒಮ್ಮೆ ದೂರ ಕಟ್ಟಿದ ಮೇಲೆ ಸುರಂಗ, ಸ್ಕೈವಾಕ್ ಅಂತ ಎಷ್ಟೇ ಜೋಡಿಸಿದರೂ ಅದು ತೇಪೆಯೇ.

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇನ್ನೊಂದು ರೀತಿಯ ಪಾಠ. ಏಳು ಪ್ಲಾಟ್‌ಫಾರ್ಮ್, ಹವಾನಿಯಂತ್ರಿತ ಹಾಲ್, ವಿಮಾನ ನಿಲ್ದಾಣದಂಥ ನೋಟ. 2022ರ ಜೂನ್‌ನಲ್ಲಿ ಅಲ್ಲಿಂದ ರೈಲು ಹೊರಡಲು ಶುರುವಾಯಿತು. ಮೆಟ್ರೊ ಬೈಯಪ್ಪನಹಳ್ಳಿಗೆ ಬಂದಿದ್ದು 2011ರ ಅಕ್ಟೋಬರ್‌ನಲ್ಲಿ, ಊರಿನ ಮೊಟ್ಟಮೊದಲ ಮೆಟ್ರೊ ಓಡಿದ ದಿನ. ಅಂದರೆ ಟರ್ಮಿನಲ್ ಶುರುವಾಗುವ ಹೊತ್ತಿಗೆ ಮೆಟ್ರೊಗೆ ಹತ್ತು ವರ್ಷ ತುಂಬಿತ್ತು. ಆದರೂ ಎರಡರ ನಡುವೆ ಸೂಟ್‌ಕೇಸ್ ಹಿಡಿದು ನಡೆಯುವಂಥ ದಾರಿ ಇರಲಿಲ್ಲ. ಜನರ ಬಾಯಲ್ಲಿ ಎರಡಕ್ಕೂ ಬೈಯಪ್ಪನಹಳ್ಳಿ ಅಂತಲೇ ಹೆಸರು. ಹೊಸಬರು ಅದನ್ನೇ ನಂಬಿ ಮೆಟ್ರೊದಲ್ಲಿ ಬಂದು ಇಳಿಯುತ್ತಾರೆ. ಆಮೇಲೆ ರೈಲು ತಪ್ಪುವ ಗಾಬರಿಯಲ್ಲಿ ಆಟೊದವರು ಕೇಳಿದಷ್ಟು ಕೊಡುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯಿತು.

ಒಂದು ಸೇತುವೆ, ಎರಡು ಧಣಿಗಳು

ಮೆಟ್ರೊ ನಿಗಮದ ಕಚೇರಿ ಶಾಂತಿನಗರದಲ್ಲಿ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಅದರ ವಿಭಾಗೀಯ ಕಚೇರಿ. ಉಪನಗರ ರೈಲಿಗೆ ಕೆ-ರೈಡ್ ಅನ್ನುವ ಮೂರನೇ ಸಂಸ್ಥೆ, ಅದರಲ್ಲಿ ರಾಜ್ಯ ಸರ್ಕಾರ ಮತ್ತು ರೈಲ್ವೆ ಇಬ್ಬರೂ ಪಾಲುದಾರರು. ಕೆಳಗಿನ ರಸ್ತೆ, ಫುಟ್‌ಪಾತ್ ಪಾಲಿಕೆಯದು. ಬಸ್ ಬಿಎಂಟಿಸಿಯದು. ಇನ್ನೂರು ಮೀಟರ್ ದಾರಿಯಲ್ಲಿ ಇಷ್ಟು ಜನರ ಸಹಿ ಬೇಕು.

ಮೆಟ್ರೊ ನಿಗಮ ರೈಲ್ವೆ ಜಾಗದಲ್ಲಿ ಸೇತುವೆ ಕಟ್ಟಬೇಕು ಅಂದರೆ ಮೊದಲು ಜಿಎಡಿ ಅಂತ ಕರೆಯುವ ಒಟ್ಟು ವಿನ್ಯಾಸದ ನಕ್ಷೆಗೆ ರೈಲ್ವೆ ಒಪ್ಪಬೇಕು. ಕಂಬ ಎಲ್ಲಿ ಬರುತ್ತದೆ, ಮುಂದೆ ಇನ್ನೆರಡು ಹಳಿ ಹಾಕುವುದಿದ್ದರೆ ಅದು ಅಡ್ಡ ಬರುತ್ತದಾ, ತಂತಿಯಿಂದ ಎಷ್ಟು ಅಂತರ, ಎಲ್ಲ ನೋಡುತ್ತಾರೆ. ಜಾಗಕ್ಕೆ, ಮೇಲ್ವಿಚಾರಣೆಗೆ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಗರ್ಡರ್, ಅಂದರೆ ಸೇತುವೆಯ ತೊಲೆ, ಕೂರಿಸುವ ದಿನ ರೈಲು ನಿಲ್ಲಿಸಿ, ತಂತಿಯ ಕರೆಂಟ್ ತೆಗೆಯಬೇಕು. ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಬಿಡುವಿಲ್ಲದ ಮಾರ್ಗದಲ್ಲಿ ಅದು ಸಿಗುವುದೇ ರಾತ್ರಿಯ ಒಂದೆರಡು ಗಂಟೆ. ಜೊತೆಗೆ ರೈಲ್ವೆ ಸುರಕ್ಷತಾ ಆಯುಕ್ತರ ಒಪ್ಪಿಗೆ. ಇದರಲ್ಲಿ ಒಂದೂ ಅನಗತ್ಯ ಅಲ್ಲ. ಆದರೆ ಮೆಟ್ರೊ ಕಟ್ಟಿ ಮುಗಿದ ಮೇಲೆ ಈ ಓಡಾಟ ಶುರುಮಾಡಿದರೆ ವರ್ಷಗಳು ಹೋಗುತ್ತವೆ. ನಿಲ್ದಾಣದ ನಕ್ಷೆ ಬರೆಯುವ ದಿನವೇ ಶುರುಮಾಡಿದರೆ ಎರಡೂ ಒಟ್ಟಿಗೆ ಮುಗಿಯುತ್ತವೆ.

ಹಳಿ ದಾಟುವುದು ಎಷ್ಟು ತಡ ಮಾಡಬಲ್ಲದು ಅನ್ನುವುದಕ್ಕೆ ಬೆನ್ನಿಗಾನಹಳ್ಳಿ ಸಾಕ್ಷಿ. ವೈಟ್‌ಫೀಲ್ಡ್‌ನಿಂದ ಕೆ.ಆರ್.ಪುರದವರೆಗಿನ ಮೆಟ್ರೊ 2023ರ ಮಾರ್ಚ್‌ನಲ್ಲಿ ಶುರುವಾಯಿತು. ಕೆ.ಆರ್.ಪುರದಿಂದ ಬೈಯಪ್ಪನಹಳ್ಳಿಗೆ ಬರೀ ಎರಡು ಕಿಲೋಮೀಟರ್ ಬಾಕಿ. ಅಲ್ಲಿ ರೈಲ್ವೆ ಹಳಿಯ ಮೇಲೆ ಉಕ್ಕಿನ ದೊಡ್ಡ ಗರ್ಡರ್ ಕೂರಿಸಬೇಕಿತ್ತು. ಆ ತುಂಡು ತೆರೆದಿದ್ದು ಅಕ್ಟೋಬರ್ 9ಕ್ಕೆ. ನಡುವಿನ ಆರು ತಿಂಗಳು ಜನ ಮೆಟ್ರೊ ಇಳಿದು, ಬಿಎಂಟಿಸಿ ಫೀಡರ್ ಬಸ್ ಹತ್ತಿ, ಟಿನ್ ಫ್ಯಾಕ್ಟರಿ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ನಿಂತು, ಮತ್ತೆ ಮೆಟ್ರೊ ಹತ್ತಿದರು. ಎಷ್ಟೋ ಜನ ಆ ಉಸಾಬರಿಯೇ ಬೇಡ ಅಂತ ಬೈಕಿನಲ್ಲೇ ಹೋದರು. ತುಂಡು ಸೇರಿದ ಮೇಲೆ ಇಡೀ ನೇರಳೆ ಮಾರ್ಗದಲ್ಲಿ ಜನ ಹೇಗೆ ಹೆಚ್ಚಾದರು ಅನ್ನುವುದು ಅದರಲ್ಲಿ ನಿಂತು ಪ್ರಯಾಣ ಮಾಡುವವರಿಗೆಲ್ಲ ಗೊತ್ತು.

ಟಿಕೆಟ್ಟಿನ ತೊಡಕು ಬೇರೆ. ಮೆಟ್ರೊದಲ್ಲಿ ಗೇಟು ದಾಟದೆ ಒಳಗೆ ಹೋಗಲಾಗದು, ಬ್ಯಾಗ್ ಸ್ಕ್ಯಾನರ್‌ಗೆ ಹಾಕಲೇಬೇಕು. ರೈಲ್ವೆ ಪ್ಲಾಟ್‌ಫಾರ್ಮ್‌ಗೆ ಗೇಟೇ ಇಲ್ಲ, ಆದರೆ ಟಿಕೆಟ್ ಇಲ್ಲದೆ ಅಲ್ಲಿ ಕಾಲಿಟ್ಟರೆ ದಂಡ. ಈಗ ಮೆಟ್ರೊದಿಂದ ಬಂದ ಸೇತುವೆ ನೇರವಾಗಿ ರೈಲ್ವೆ ಪ್ಲಾಟ್‌ಫಾರ್ಮ್ ಮೇಲೆ ಇಳಿದರೆ? ಟಿಕೆಟ್ ತೆಗೆದುಕೊಳ್ಳದವರು ಆ ಸೇತುವೆಯಿಂದ ಇಳಿದ ಗಳಿಗೆಯಲ್ಲೇ ತಪ್ಪಿತಸ್ಥರು. ಬರೀ ಆಚೆ ಬದಿಯ ರಸ್ತೆಗೆ ಹೋಗಬೇಕಿದ್ದವರಿಗೂ ಪ್ಲಾಟ್‌ಫಾರ್ಮ್ ಟಿಕೆಟ್ ಬೇಕು. ಸೇತುವೆಯ ಮೆಟ್ರೊ ತುದಿಯಲ್ಲೇ ಒಂದು ರೈಲ್ವೆ ಟಿಕೆಟ್ ಯಂತ್ರ ಇಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಮೆಟ್ರೊ ಕಟ್ಟಡದಲ್ಲಿ ರೈಲ್ವೆಯ ಯಂತ್ರ ಇಡಲು ಬಾಡಿಗೆ ಯಾರು ಕೊಡಬೇಕು ಅಂತ ಕೇಳಬೇಡಿ, ಅದಕ್ಕೇ ಇನ್ನೊಂದು ಫೈಲ್ ಬೇಕಾಗುತ್ತದೆ.

ದರದ್ದೂ ಹಾಗೇ. ಎರಡು ಕಡೆ ಎರಡು ಟಿಕೆಟ್, ಎರಡು ಕನಿಷ್ಠ ದರ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 90 ರೂಪಾಯಿಗೆ ಏರಿದ ಮೇಲೆ ರೈಲು ಪಾಸ್‌ನವರಿಗೆ ಮೆಟ್ರೊ ಇನ್ನೂ ದೂರವಾಯಿತು.

ಬೇರೆ ಊರುಗಳಲ್ಲಿ ಏನಾಯಿತು

ಕೋಲ್ಕತ್ತದ ದಮ್‌ದಮ್‌ನಲ್ಲಿ ಲೋಕಲ್ ರೈಲಿನಿಂದ ಇಳಿದು ಮೆಟ್ರೊಗೆ ಹೋಗುವುದು 1984ರಿಂದಲೂ ನಡೆದು ಬಂದಿದೆ. ಅಲ್ಲಿನ ಮೆಟ್ರೊ ಭಾರತೀಯ ರೈಲ್ವೆಯದೇ. ಒಬ್ಬರೇ ಧಣಿ ಇದ್ದಾಗ ಗಡಿ ಇರುವುದಿಲ್ಲ.

ಮುಂಬೈಯ ಘಾಟ್ಕೋಪರ್ ಇನ್ನೂ ಸ್ವಾರಸ್ಯ. ವರ್ಸೋವಾ–ಘಾಟ್ಕೋಪರ್ ಮೆಟ್ರೊ 2014ರಲ್ಲಿ ಬಂದಾಗಲೇ ಅಂಧೇರಿ, ಘಾಟ್ಕೋಪರ್ ಎರಡೂ ಕಡೆ ಲೋಕಲ್ ರೈಲಿಗೆ ಸೇತುವೆ ಜೋಡಿಸಿದ್ದರು. ಜನ ಎಷ್ಟು ಬಂದರು ಅಂದರೆ ಸೇತುವೆಯೇ ಸಾಲದಾಯಿತು. ಘಾಟ್ಕೋಪರ್‌ನ ಸಂಜೆಯ ನೂಕುನುಗ್ಗಲು ಮುಂಬೈಯವರಿಗೆ ಕಥೆ ಹೇಳುವ ವಿಷಯ. ದಾರಿ ಮಾಡಿಕೊಟ್ಟರೆ ಯಾರು ಬಳಸುತ್ತಾರೆ ಅಂತ ಕೇಳುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಹಾಗೇ, ಸೇತುವೆಯ ಅಗಲ ನಿರ್ಧರಿಸುವವರೂ.

ಚೆನ್ನೈಯಲ್ಲಿ ವೇಳಚ್ಚೇರಿಯಿಂದ ಸೇಂಟ್ ಥಾಮಸ್ ಮೌಂಟ್‌ಗೆ ಎತ್ತರಿಸಿದ ರೈಲು ಮಾರ್ಗ ಎಳೆಯುವ ಕೆಲಸ 2008ರಲ್ಲಿ ಶುರುವಾಯಿತು. ಬರೀ ಐದು ಕಿಲೋಮೀಟರ್. ಮುಗಿದರೆ ಲೋಕಲ್, ಮೆಟ್ರೊ, ಈ ಮಾರ್ಗ ಮೂರೂ ಒಂದೇ ಕಡೆ ಸೇರುವ ಯೋಜನೆ. ಕೊನೆಯ ಸುಮಾರು 500 ಮೀಟರ್ ಜಾಗದ ವ್ಯಾಜ್ಯಕ್ಕೆ ಸಿಕ್ಕಿ ಹತ್ತು ವರ್ಷಕ್ಕೂ ಮೇಲೆ ಕಂಬಗಳು ಹಾಗೇ ನಿಂತಿದ್ದವು.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಮೌಂಟನ್ ವ್ಯೂ ಗೊತ್ತಿರುತ್ತದೆ. ಅಲ್ಲಿ ಸಾಂತಾ ಕ್ಲಾರಾ ಕಣಿವೆಯ ಲೈಟ್ ರೈಲು (ಟ್ರಾಮ್‌ನಂಥ ಚಿಕ್ಕ ರೈಲು) ಮತ್ತು ಕಾಲ್‌ಟ್ರೈನ್ ಅನ್ನುವ ಉಪನಗರ ರೈಲು 1999ರಿಂದ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಎರಡೂ ನೆಲದ ಮೇಲೆ, ನಡಿಗೆ ನಾಲ್ಕು ಹೆಜ್ಜೆ. ಮಿಲ್‌ಬ್ರೇಯಲ್ಲಿ 2003ರಿಂದ ಅಲ್ಲಿನ ಮೆಟ್ರೊ ಬಾರ್ಟ್ ಮತ್ತು ಕಾಲ್‌ಟ್ರೈನ್ ಒಂದೇ ಪ್ಲಾಟ್‌ಫಾರ್ಮ್‌ನ ಎರಡು ಬದಿಗೆ ಬರುತ್ತವೆ, ನಡುವೆ ಟಿಕೆಟ್ ಗೇಟು ಮಾತ್ರ. ಇಷ್ಟಿದ್ದೂ ಮಿಲ್‌ಬ್ರೇ ಬಗ್ಗೆ ಜನ ವರ್ಷಗಟ್ಟಲೆ ಗೊಣಗಿದರು. ಯಾಕೆಂದರೆ ವೇಳಾಪಟ್ಟಿಗಳು ತಾಳೆಯಾಗುತ್ತಿರಲಿಲ್ಲ. ಗೇಟಿಗೆ ಕಾರ್ಡ್ ತೋರಿಸುವಷ್ಟರಲ್ಲಿ ಎದುರಿನ ರೈಲು ಬಾಗಿಲು ಹಾಕಿಕೊಳ್ಳುತ್ತಿತ್ತು.

ಜರ್ಮನಿಯ ಕಾರ್ಲ್ಸ್‌ರೂಹೆಯವರು ಇಳಿಯುವ ಗೋಜೇ ಬೇಡ ಅಂದರು. 1992ರಿಂದ ಅಲ್ಲಿ ಊರಿನ ಟ್ರಾಮ್ ರೈಲ್ವೆ ಹಳಿಗೇ ಹತ್ತಿ ಪಕ್ಕದ ಊರಿಗೆ ಹೋಗುತ್ತದೆ. ನಮ್ಮಲ್ಲಿ ಅದು ಆಗದು. ನಮ್ಮ ಮೆಟ್ರೊ ಹಳಿಯ ಅಗಲ 1,435 ಮಿ.ಮೀ., ರೈಲ್ವೆಯದು 1,676 ಮಿ.ಮೀ. ಮೆಟ್ರೊಗೆ ಕರೆಂಟ್ ಬರುವುದು ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ರೈಲಿಗೆ ಬರುವುದು ತಲೆಯ ಮೇಲಿನ ತಂತಿಯಿಂದ. ಹಾಗಾಗಿ ಬೆಂಗಳೂರಿನಲ್ಲಿ ಜನ ಇಳಿದು ನಡೆಯಲೇಬೇಕು.

ಮಿಲ್‌ಬ್ರೇ ಪಾಠ ನಮಗೆ ಚೆನ್ನಾಗಿ ಒಪ್ಪುತ್ತದೆ. ವೈಟ್‌ಫೀಲ್ಡ್‌ನಲ್ಲಿ ಮೆಟ್ರೊ ಕೆಲವೇ ನಿಮಿಷಕ್ಕೊಂದು ಬರುತ್ತದೆ. ಆದರೆ ಬಂಗಾರಪೇಟೆ ಕಡೆಗೆ ಹೋಗುವ ಮೆಮು (ಹತ್ತಿರದ ಊರುಗಳ ನಡುವೆ ಓಡುವ ಕರೆಂಟ್ ರೈಲು) ಗಂಟೆಗೆ ಇಷ್ಟು ಅಂತ ಲೆಕ್ಕಕ್ಕೆ ಬರುವುದಿಲ್ಲ. ಒಂದು ಹೊತ್ತಿನಲ್ಲಿ ಬೆನ್ನುಬೆನ್ನಿಗೆ ಎರಡು, ಇನ್ನೊಂದು ಹೊತ್ತಿನಲ್ಲಿ ಒಂದೂ ಇಲ್ಲ. ಅದೇ ಹಳಿಯಲ್ಲಿ ಚೆನ್ನೈ ಎಕ್ಸ್‌ಪ್ರೆಸ್, ಗೂಡ್ಸ್ ಎಲ್ಲ ಹೋಗಬೇಕು. ಸಂಜೆ ಮೆಟ್ರೊ ಇಳಿದವರಿಗೆ ಆಗಷ್ಟೇ ರೈಲು ಹೋಗಿದೆ ಅಂತ ಗೊತ್ತಾದರೆ ಸೇತುವೆ ಎಷ್ಟು ಚೆನ್ನಾಗಿದ್ದರೆ ಏನು ಬಂತು? ಮೆಟ್ರೊ ಪ್ಲಾಟ್‌ಫಾರ್ಮ್‌ನ ಪರದೆಯಲ್ಲಿ ಮುಂದಿನ ಮೂರು ರೈಲಿನ ಸಮಯ ಹಾಕಿದರೂ ಸಾಕಿತ್ತು. ಅದಕ್ಕೆ ಸಿಮೆಂಟೂ ಬೇಡ, ಬ್ಲಾಕೂ ಬೇಡ.

ಮುಂದಿನ ಪರೀಕ್ಷೆ ಹೆಬ್ಬಾಳದಲ್ಲಿ

1994ರಲ್ಲಿ ಬೆಂಗಳೂರಿಗೆ ಎತ್ತರಿಸಿದ ಲೈಟ್ ರೈಲು ತರಲೆಂದು ಒಂದು ಕಂಪನಿಯನ್ನೇ ಸರ್ಕಾರ ಹುಟ್ಟುಹಾಕಿತ್ತು. ಅದು ಕಾಗದದಲ್ಲೇ ಉಳಿಯಿತು. ಉಪನಗರ ರೈಲಿನ ಮಾತು ಅದಕ್ಕಿಂತಲೂ ಹಳೆಯದು. ಕೊನೆಗೆ ಕೇಂದ್ರ ಸಂಪುಟ ಅದಕ್ಕೆ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ. 148 ಕಿ.ಮೀ., 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೆಸರು ಚಂದ, ಕೆಲಸ ಮಂದ. ಬೈಯಪ್ಪನಹಳ್ಳಿ–ಚಿಕ್ಕಬಾಣಾವರದ ಮಲ್ಲಿಗೆ ಮಾರ್ಗ ಮೊದಲು ಶುರುವಾಯಿತು. ಜಾಗ ಕೊಡುವುದು ತಡವಾಗಿ, 2025ರಲ್ಲಿ ಗುತ್ತಿಗೆ ಕಂಪನಿ ಹೊರನಡೆಯಿತು.

ಈ ಮಲ್ಲಿಗೆ ಮಾರ್ಗ ಹೆಬ್ಬಾಳದ ಮೇಲೆ ಹೋಗುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮೆಟ್ರೊ ಅಲ್ಲೇ ಬರುತ್ತದೆ. ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಬರುವ ಕಿತ್ತಳೆ ಮಾರ್ಗವೂ ಅಲ್ಲೇ. ಸರ್ಜಾಪುರದ ಕಡೆಯಿಂದ ಬರುವ ಮಾರ್ಗದ ಪ್ರಸ್ತಾಪವೂ ಹೆಬ್ಬಾಳಕ್ಕೇ. ಹೊರವರ್ತುಲ ರಸ್ತೆ ಮತ್ತು ಬಳ್ಳಾರಿ ರಸ್ತೆ ಸೇರುವ ಜಾಗ ಬೇರೆ. ಎಲ್ಲವನ್ನೂ ಒಂದೇ ಸೂರಿನಡಿ ತರಲು ಮೆಟ್ರೊ ನಿಗಮ ಸುಮಾರು 45 ಎಕರೆ ಕೇಳಿತ್ತು. ಇಂಥ ಅವಕಾಶ ಒಂದು ಊರಿಗೆ ಮತ್ತೆ ಮತ್ತೆ ಸಿಗುವುದಿಲ್ಲ. ಇಲ್ಲಿ ತೇಪೆ ಹಾಕುವ ಅಗತ್ಯ ಇಲ್ಲ, ಇನ್ನೂ ಬಟ್ಟೆ ಪೂರ್ತಿ ಕತ್ತರಿಸಿಲ್ಲ.

ಗಡಿ ಜಗಳ ಬಿಡಿಸುವ ಕಾನೂನು ಇಲ್ಲವಾ? ಇದೆ. ಒಟ್ಟಾರೆ ಸಾರಿಗೆಗೆ ಒಂದೇ ಪ್ರಾಧಿಕಾರ ಬೇಕು ಅಂತ ಕೇಂದ್ರದ 2017ರ ಮೆಟ್ರೊ ನೀತಿ ಹೇಳಿತು. ರಾಜ್ಯದಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಬಂತು. ಆದರೆ ರೈಲ್ವೆ ಕೇಂದ್ರದ್ದು, ರಾಜ್ಯದ ಕಾಯ್ದೆಗೆ ಅದು ತಲೆಬಾಗಬೇಕಿಲ್ಲ. ಮಾತುಕತೆಯಿಂದಲೇ ಒಪ್ಪಿಸಬೇಕು. ನನ್ನ ಪ್ರಕಾರ ಇದಕ್ಕೆ ಒಂದು ಸರಳ ಷರತ್ತು ಸಾಕು. ಎರಡು ನಿಲ್ದಾಣ ಹತ್ತಿರ ಇರುವ ಕಡೆ, ನಡುವಿನ ದಾರಿಯ ನಕ್ಷೆ ಮತ್ತು ಅದರ ಖರ್ಚು ಮೂಲ ಯೋಜನಾ ವರದಿಯಲ್ಲೇ ಇರಬೇಕು. ಆ ದಾರಿ ತೆರೆಯದೆ ನಿಲ್ದಾಣ ಉದ್ಘಾಟನೆ ಆಗಬಾರದು. ರಿಬ್ಬನ್ ಕತ್ತರಿಸುವ ದಿನಾಂಕಕ್ಕೆ ಕಟ್ಟಿಹಾಕಿದ ಕೆಲಸ ಮಾತ್ರ ನಮ್ಮಲ್ಲಿ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ ಅಲ್ವಾ?

ಹೆಬ್ಬಾಳದ ವಿವರವಾದ ನಕ್ಷೆ ಹೊರಗೆ ಬಂದಾಗ ಚಂದದ ಬಣ್ಣದ ಚಿತ್ರಗಳನ್ನು ಬದಿಗಿಟ್ಟು, ಯಾವ ಮಹಡಿ ಎಷ್ಟು ಎತ್ತರ ಅಂತ ತೋರಿಸುವ ಅಡ್ಡಕೊಯ್ತದ ನಕ್ಷೆ ಕೇಳಿ ನೋಡಬೇಕು. ಮೆಟ್ರೊ ಗೇಟಿನ ಮಹಡಿ ಮತ್ತು ರೈಲ್ವೆ ಸೇತುವೆಯ ಎತ್ತರ ಒಂದೇ ಇದೆಯಾ? ಟಿಕೆಟ್ ಇಲ್ಲದವರೂ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗಬಹುದಾ? ಸೇತುವೆ ಎಷ್ಟು ಅಡಿ ಅಗಲ? ಲಿಫ್ಟ್ ಕೆಟ್ಟರೆ ಯಾವ ಸಂಸ್ಥೆಗೆ ಫೋನ್ ಮಾಡಬೇಕು? ಕೊನೆಯ ಪ್ರಶ್ನೆಗೆ ಒಪ್ಪಂದದಲ್ಲಿ ಒಂದೇ ಹೆಸರು ಇರಬೇಕು.